ಮಂಡೆಯ ಮೇಲೆ ಎಂತ ಉಂಟು?

ನನ್ನ ಅಕ್ಕ ವಾರಿಜಾ ಉಡುಪಿಯ ಬನ್ನಂಜೆಯಲ್ಲಿ ಮೀನು ಮಾರಲು ಶುರು ಮಾಡಿದಾಗ ನಾನಿನ್ನೂ ಎರ್ಮಾಳಿನ ಶಾಲೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಟೆಂಪೊದಲ್ಲಿ ಮಲ್ಪೆಗೆ ಹೋಗಿ, ಹರಾಜಿನಲ್ಲಿ ಮೀನು ಕೊಂಡು, ಬುಟ್ಟಿಯನ್ನು ತಲೆಯ ಮೇಲಿಟ್ಟು ಮನೆಮನೆಗೆ ನಡೆಯುವುದು ಅವಳ ಕೆಲಸ. ಯಾವ ಮನೆಯ ಸೊಸೆ ಬಸುರಿ, ಯಾವ ಅಜ್ಜನಿಗೆ ಸಿಗಡಿ ಆಗುವುದಿಲ್ಲ, ಬೂತಾಯಿ ಮೀನು ಕಂಡರೆ ಯಾರ ಮುಖ ಅರಳುತ್ತದೆ, ಎಲ್ಲ ಅವಳಿಗೆ ಗೊತ್ತು. ಭಾವ ತೀರಿಕೊಂಡ ಮೇಲೆ ಮಗ ರೂಪೇಶನನ್ನು ಸಾಕಿದ್ದು ಆ ಬುಟ್ಟಿಯೇ. ಈಗ ಅವನು ಬೋಟಿಗೆ ಹೋಗುತ್ತಾನೆ. ನಾವು ಮೂವರೂ ಸಮುದ್ರದ ಬದಿಯ ಒಂದೇ ಮನೆಯಲ್ಲಿದ್ದೇವೆ.

ನಾನು ರತ್ನಾವತಿ, ಅಂಗನವಾಡಿ ಟೀಚರ್. ನನಗೆ ಸಿಟ್ಟು ಬೇಗ ಬರುತ್ತದೆ, ಮಕ್ಕಳ ಮೇಲಲ್ಲ, ದೊಡ್ಡವರ ಮೇಲೆ. ಆಗಾಗ ನಮ್ಮನ್ನು ತರಬೇತಿಗೆ ಕರೆದು, ಮಗು ಕಲಿಯುವುದು ಬುದ್ಧಿಯೊಂದರಿಂದಲೇ ಅಲ್ಲ, ಸುತ್ತ ಎಂಥ ಜನರಿದ್ದಾರೆ, ಮನಸ್ಸಿನಲ್ಲಿ ಎಂಥ ಹೆದರಿಕೆ ಇದೆ ಎನ್ನುವುದರಿಂದಲೂ ಎಂದು ಹೇಳಿಕೊಡುತ್ತಾರೆ. ನಾವು ತಲೆಯಾಡಿಸಿ, ಚಾ ಕುಡಿದು ಬರುತ್ತೇವೆ. ಆ ಮಾತು ನನಗೆ ಅರ್ಥವಾದದ್ದು ನಮ್ಮ ಮನೆಯ ಹಿಂದಿನ ಹೊಯಿಗೆಯ, ಅಂದರೆ ಮರಳಿನ, ಮೈದಾನದಲ್ಲಿ, ಅಕ್ಕ ಸ್ಕೂಟರ್ ಕಲಿಯುವಾಗ.

ಅಕ್ಕ ಓದಿದ್ದು ಮೂರನೇ ಕ್ಲಾಸು. ಒಂದು ದಿನ ಮಾಸ್ಟ್ರು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಮಗ್ಗಿ ಹೇಳಿಸಿದರು. ಮನೆಯಲ್ಲಿ ಗಡಗಡ ಹೇಳುತ್ತಿದ್ದವಳಿಗೆ ಅಲ್ಲಿ ಬಾಯಿ ಕಟ್ಟಿತು. ಮಾಸ್ಟ್ರು ಕೈಕಟ್ಟಿ ಸುಮ್ಮನೆ ನೋಡುತ್ತ ನಿಂತರಂತೆ. ಆಮೇಲೆ, "ಹೋಗಲಿ ಬಿಡು, ಬುಟ್ಟಿ ಹೊರಲಿಕ್ಕೆ ಇಷ್ಟು ಸಾಕು" ಎಂದರಂತೆ. ಅಕ್ಕ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಂದಿನಿಂದ ಮೊಬೈಲಾಗಲಿ, ಟೀವಿಯ ರಿಮೋಟಾಗಲಿ, ಹೊಸದು ಏನು ಕೊಟ್ಟರೂ ಅವಳದು ಒಂದೇ ಮಾತು: "ನನ್ನ ಮಂಡೆಗೆ ಹೋಗುವುದಿಲ್ಲ ಮಾರಾಯ್ತಿ." ಆ ಮಾಸ್ಟ್ರು ಈಗ ಇಲ್ಲ. ಇದ್ದಿದ್ದರೆ ಮನೆಗೇ ಹೋಗಿ ಎರಡು ಮಾತು ಕೇಳಿ ಬರುತ್ತಿದ್ದೆ.

ಹೋದ ವರ್ಷ ಅವಳ ಕೈ ಜೋಮು ಹಿಡಿಯತೊಡಗಿತು. ಕುತ್ತಿಗೆಯ ಮೂಳೆ ಸವೆದಿದೆ, ಇನ್ನು ತಲೆಯ ಮೇಲೆ ಹೊರೆ ಇಡಲೇಬಾರದು ಎಂದರು ಡಾಕ್ಟರು. "ಸಾಕು ಅಮ್ಮ, ಇನ್ನು ಮನೆಯಲ್ಲಿ ಕೂತುಕೊಳ್ಳಿ" ಎಂದ ರೂಪೇಶ. ಅಕ್ಕ ಕೂತಳು. ಅಬ್ಬ, ಆ ದಿನಗಳು ಬೇಡವೇ ಬೇಡ! ಓಣಿಯ ಕೊನೆಯವರೆಗೆ ಕೇಳುತ್ತಿದ್ದ ಅವಳ ಗಂಟಲು ಇಳಿದುಹೋಯಿತು. ಬನ್ನಂಜೆಯಿಂದ ಫೋನು ಬರುತ್ತಿತ್ತು: "ವಾರಿಜಕ್ಕ, ಬರುವುದಿಲ್ವಾ? ನಾವು ಬೇರೆಯವರ ಹತ್ತಿರ ತೆಗೆದುಕೊಳ್ಳುವುದಾ?" ಅವಳು ಫೋನನ್ನು ನನ್ನ ಕೈಗೆ ತುರುಕುತ್ತಿದ್ದಳು. ನೋಡಲಾಗದೆ ನಾನೇ ರೂಪೇಶನಿಗೆ ಜೋರು ಮಾಡಿ, ಹಿಂದೆ ಮೀನಿನ ಪೆಟ್ಟಿಗೆ ಕಟ್ಟುವ ಹಾಗೆ ಒಂದು ಸ್ಕೂಟರ್ ತರಿಸಿದೆ. ಅದನ್ನು ಓಡಿಸಲು ಬಂದರೆ ಅವಳ ಬನ್ನಂಜೆ ಅವಳಿಗೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ನಿನಗೆ ಸ್ಕೂಟರ್ ಬರುತ್ತದಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಕಲಿಸಲು ಬಂದವರು ಕಾಪುವಿನಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟಿರುವ ಎಡ್ವಿನ್. ಪಾಪದ ಮನುಷ್ಯ, ಆದರೆ ಬಾಯಲ್ಲಿ ಒಂದೇ ಶಬ್ದ: "ಬ್ಯಾಲೆನ್ಸ್ ವಾರಿಜಕ್ಕ, ಬ್ಯಾಲೆನ್ಸ್!" ಕೂಗಿದರೆ ಬ್ಯಾಲೆನ್ಸ್ ಬರುತ್ತದಾ? ಮೀನು ತುಂಬಿದ ಬುಟ್ಟಿಯನ್ನು ಕೈ ಹಿಡಿಯದೆ ಹೊತ್ತು, ಮಾತನಾಡುತ್ತ, ಮೆಟ್ಟಿಲು ಹತ್ತಿ ಇಳಿದ ಹೆಂಗಸು ಅವಳು. ಅಂಥವಳು ಸ್ಕೂಟರ್ ಮೇಲೆ ಕೂತರೆ ಧೊಪ್ಪೆಂದು ಬೀಳುತ್ತಿದ್ದಳು. ಮೈದಾನದ ಬದಿಯ ಶೆಡ್ಡಿನಲ್ಲಿ ಬಲೆ ಹೊಲಿಯುವ ಗಂಡಸರಿಗೆ ಅದೊಂದು ಆಟವಾಯಿತು. ಅವರಲ್ಲಿ ಅಂಗಾರ ಎಂಬವನೊಬ್ಬ, ಅವನ ಬಾಯಿಗೆ ಬೀಗವಿಲ್ಲ. "ವಾರಿಜಕ್ಕ, ಮಲ್ಪೆಗೆ ಹೊರಟದ್ದಾ?" ಎಂದು ಅವನು ಕರೆದರೆ ಅಕ್ಕ ಅವನ ಕಡೆ ತಿರುಗುವಳು, ಸ್ಕೂಟರೂ ಅವಳ ಜೊತೆ ತಿರುಗುವುದು, ಇಬ್ಬರೂ ನೆಟ್ಟಗೆ ಬಲೆಯ ರಾಶಿಗೆ ಹೋಗಿ ಬೀಳುವರು. ನಾನೂ ನಕ್ಕಿದ್ದೇನೆ. ನಗು ಬಂದರೆ ಎಂತ ಮಾಡುವುದು?

ಲೈಸೆನ್ಸಿನ ಪರೀಕ್ಷೆಗೆ ಮಣಿಪಾಲಕ್ಕೆ ಹೋದಾಗ ನಗು ಬರಲಿಲ್ಲ. ನೆಲದಲ್ಲಿ ಎಂಟರ ಆಕಾರದ ಗೆರೆ ಎಳೆದಿತ್ತು. ಕಾಲು ಊರದೆ ಅದರೊಳಗೆ ಸುತ್ತಿ ಬರಬೇಕು. ಇನ್ಸ್‌ಪೆಕ್ಟರ್ ಒಳ್ಳೆಯವರೇ, ಒಂದು ಗಟ್ಟಿ ಮಾತು ಆಡಲಿಲ್ಲ. ಕೈಕಟ್ಟಿ ಸುಮ್ಮನೆ ನೋಡುತ್ತ ನಿಂತರು, ಅಷ್ಟೆ. ಅಕ್ಕ ಆ ಕಟ್ಟಿದ ಕೈಗಳನ್ನು ನೋಡಿದಳು, ಎಡ್ವಿನ್ ಅಲ್ಲಿಗೆ ತಂದಿಟ್ಟಿದ್ದ ಸ್ಕೂಟರ್ ಹತ್ತಿದಳು, ಗೆರೆಯ ಮೊದಲ ತಿರುವಿಗೇ ಕಾಲು ಊರಿದಳು. ಬಸ್ಸಿನಲ್ಲಿ ಬರುವಾಗ, "ನಾನು ಹೇಳಲಿಲ್ವಾ, ನನ್ನ ಮಂಡೆಗೆ ಹೋಗುವುದಿಲ್ಲ ಅಂತ" ಎಂದವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನನಗೇ ಗೊತ್ತಾಗಲಿಲ್ಲ.

ಸ್ಕೂಟರನ್ನು ಮಾರಿಬಿಡುವ ಎಂದ ರೂಪೇಶ. ಅಕ್ಕ ಹೂಂ ಎಂದಳು.

ಮಾರುವ ಮುಂಚೆ ಒರೆಸಿಡುವ ಎಂದು ಅವಳು ಅಂಗಳದಲ್ಲಿ ಬಟ್ಟೆ ಹಿಡಿದು ಕೂತಿದ್ದಳು. ನಮ್ಮ ಹಿಂದಿನ ಕೋಣೆಗೆ ಆಗಷ್ಟೇ ಬಾಡಿಗೆಗೆ ಬಂದಿದ್ದ ರಾಜಶ್ರೀ ಹತ್ತಿರ ಬಂದು ನಿಂತಳು. ಬಾಗಲಕೋಟೆ ಕಡೆಯ ಹುಡುಗಿ. ಗಂಡ ಬೀರಪ್ಪ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಇವಳೂ ಮೊದಲು ಅವನ ಜೊತೆ ಸಿಮೆಂಟ್ ಹೊರುತ್ತಿದ್ದವಳು. ಈಗ ಜೋಳದ ರೊಟ್ಟಿ ಬಡಿದು ಮಣಿಪಾಲದ ಹಾಸ್ಟೆಲುಗಳಿಗೆ ಕೊಟ್ಟು ಬರುತ್ತಾಳೆ.

"ಅಕ್ಕಾರ, ಗಾಡಿ ನಿಮ್ದೇನ್ರಿ?" ಎಂದಳು.

"ಮತ್ತೆ ಯಾರದ್ದು? ನನ್ನದೇ."

"ನನಗೂ ಹೊಡಿಯಾಕ ಕಲಸ್ರಿ ಅಕ್ಕಾರ. ರೊಟ್ಟಿ ಗಂಟು ಹಿಡಕೊಂಡು ಬಸ್ಸಿನ್ಯಾಗ ನಿಂತು ನಿಂತು ಸಾಕಾಗೇತ್ರಿ."

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಈಗ ಅಕ್ಕ ನಿಜ ಹೇಳುತ್ತಾಳೆ ಎಂದುಕೊಂಡೆ. ಅವಳು ಬಟ್ಟೆಯನ್ನು ಕೊಡವಿದಳು, ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿದಳು, ಮೀನಿನ ಕ್ರಯ ಹೇಳುವ ಗತ್ತಿನಲ್ಲಿ, "ಸಂಜೆ ಬಾ. ಹೇಳಿದ ಹಾಗೆ ಕೇಳಬೇಕು, ಆಯಿತಾ?" ಎಂದಳು. ಎಷ್ಟೋ ದಿನಗಳ ಮೇಲೆ ಅವಳ ಹಳೆಯ ಗಂಟಲು ಕೇಳಿಸಿತು. ಒಳಗೆ ಬಂದವಳೇ ರೂಪೇಶನಿಗೆ, "ಸ್ಕೂಟರ್ ಈಗ ಮಾರುವುದು ಬೇಡ. ಆ ಹುಡುಗಿಗೆ ಕಲಿಸಲಿಕ್ಕುಂಟು" ಎಂದಳು.

"ಕಲಿಸುವುದಾ? ನೀನಾ?" ಎಂದು ನಾನು ಬಿದ್ದು ಬಿದ್ದು ನಕ್ಕೆ.

"ಹೌದು, ನಾನೇ. ನಿನಗೆ ಎಂತ ಕಷ್ಟ?" ಎಂದಳು.

ಹೀಗೆ ಶುರುವಾಯಿತು. ಗೊತ್ತಿಲ್ಲ ಎನ್ನಲು ನಾಚಿಕೆ, ಅದಕ್ಕೆ ಕಲಿಸುವುದು! ಎಡ್ವಿನ್ ತನಗೆ ಹೇಳಿದ್ದನ್ನೆಲ್ಲ ಅಕ್ಕ ಆ ಹುಡುಗಿಗೆ ದಬಾಯಿಸಿ ಹೇಳುವಳು. ರಾಜಶ್ರೀ ಸೀಟಿನ ಮೇಲೆ, ಅಕ್ಕ ಹಿಂದೆ ಹಿಡಿದುಕೊಂಡು ಓಟ. ಹುಡುಗಿಯೂ ಬೀಳುವಳು, ಅದೂ ಅದೇ ಬಲೆಯ ರಾಶಿಗೆ. ಒಂದು ಸಂಜೆ ಅಂಗಾರ ಶೆಡ್ಡಿನಿಂದ ಏನೋ ಕೂಗಿದ. ರಾಜಶ್ರೀ ತಿರುಗಿದಳು. ಕತ್ತು ಅಲ್ಲಾಡಲಿಲ್ಲ, ಸೊಂಟದಿಂದ ಮೇಲೆ ಇಡೀ ಮೈ ತಿರುಗಿತು, ಹ್ಯಾಂಡಲೂ ತಿರುಗಿತು, ಸ್ಕೂಟರ್ ಮಲಗಿತು.

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಅಲ್ಲ ಮಾರಾಯ್ತಿ, ಯಾರಾದರೂ ಕರೆದರೆ ಕತ್ತು ಮಾತ್ರ ತಿರುಗಿಸು! ಹೀಗೆ ಮರದ ಬೊಂಬೆಯ ಹಾಗೆ ಯಾಕೆ ತಿರುಗುವುದು? ನಿನ್ನ ಮಂಡೆಯ ಮೇಲೆ ಎಂತ ಉಂಟು?"

ಹೊಯಿಗೆಯಲ್ಲಿ ಕೂತಿದ್ದ ರಾಜಶ್ರೀ ತಲೆ ಮುಟ್ಟಿ ನೋಡಿಕೊಂಡಳು. "ಏನೂ ಇಲ್ರಿ ಅಕ್ಕಾರ. ಸಿಮೆಂಟಿನ ಪುಟ್ಟಿ ಹೊತ್ತೂ ಹೊತ್ತೂ ರೂಢಿ ಆಗೇತ್ರಿ. ಕತ್ತು ಹೊಳ್ಳಿಸಿದ್ರ ಮೈಮ್ಯಾಲೆ ಸುರೀತಿತ್ತಲ್ರಿ."

ಅಕ್ಕನ ಕೈ ನಿಧಾನಕ್ಕೆ ಅವಳದೇ ತಲೆಗೆ ಹೋಯಿತು, ಬುಟ್ಟಿ ಕೂರುವ ಜಾಗಕ್ಕೆ. ತಿಂಗಳುಗಟ್ಟಲೆ ಎಡ್ವಿನ್‌ಗೂ ಕಾಣದ್ದು, ನನಗೂ ಕಾಣದ್ದು, ಅವಳಿಗೆ ಇನ್ನೊಬ್ಬಳ ಮೈಯಲ್ಲಿ ಕಂಡಿತ್ತು. ಇಷ್ಟು ದಿನ ಇಲ್ಲದ ಬುಟ್ಟಿಯನ್ನು ಬೀಳಿಸಬಾರದೆಂದು ಅವಳು ತಾನೇ ಬೀಳುತ್ತಿದ್ದಳು.

"ಏಳು, ತೋರಿಸುತ್ತೇನೆ" ಎಂದಳು. ಸ್ಕೂಟರ್ ಎತ್ತಿ ಹತ್ತಿದಳು. ಮೈದಾನದ ಆ ತುದಿಗೆ ಹೋದಳು. ಅಲ್ಲಿ ಕತ್ತನ್ನು ಎಡಕ್ಕೆ ತಿರುಗಿಸಿ ಸಮುದ್ರ ನೋಡಿದಳು, ಬಲಕ್ಕೆ ತಿರುಗಿಸಿ ಶೆಡ್ಡು ನೋಡಿದಳು. ಅಂಗಾರ ಕೂಗಿದ. ಅವಳು ಅವನ ಕಡೆ ಕತ್ತು ಮಾತ್ರ ಹೊರಳಿಸಿ, "ನಿನ್ನ ಬಲೆ ನೋಡಿಕೋ ಮಾರಾಯ, ತೂತು ಬಿದ್ದೀತು!" ಎಂದು ಗದರಿ, ನೆಟ್ಟಗೆ ಬಂದು ನಮ್ಮ ಮುಂದೆ ನಿಲ್ಲಿಸಿದಳು. ನನಗೆ ಕಣ್ಣು ತುಂಬಿತು. ಹೊಯಿಗೆ ಹಾರಿತು ಎಂದು ಒರೆಸಿಕೊಂಡೆ.

ಆದರೂ ಮಣಿಪಾಲ ಬಾಕಿ ಇತ್ತು. ರಾಜಶ್ರೀಗೂ ಎಡ್ವಿನ್ ಕಾಗದಪತ್ರ ಮಾಡಿಸಿದರು, ಇಬ್ಬರಿಗೂ ಒಂದೇ ದಿನ ಪರೀಕ್ಷೆ ಬಂತು. ಅದೇ ಇನ್ಸ್‌ಪೆಕ್ಟರ್, ಅದೇ ಗೆರೆ. ಹೆಸರು ಕರೆದರು. ಅಕ್ಕ ಸ್ಕೂಟರ್ ಹತ್ತಿದಳು. ಸಾಲಿನಲ್ಲಿ ನಿಂತವರೆಲ್ಲ ಸುಮ್ಮನೆ ನೋಡುತ್ತಿದ್ದರು. ಇನ್ಸ್‌ಪೆಕ್ಟರ್ ಕೈಕಟ್ಟಿದರು. ಅಷ್ಟೇ, ಅಕ್ಕನ ಮುಖದ ಬಣ್ಣ ಹೋಯಿತು. ಬೇಲಿಯ ಹೊರಗಿದ್ದ ನನಗೂ ಅದು ಕಂಡಿತು. ಮೂರನೇ ಕ್ಲಾಸಿನ ವಾರಿಜಾ ಅಲ್ಲಿ ನಿಂತಿದ್ದಳು. ಮುಗಿಯಿತು, ಇನ್ನು ಬನ್ನಂಜೆಯೂ ಇಲ್ಲ, ಏನೂ ಇಲ್ಲ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಆಗ ಸಾಲಿನ ನಡುವಿನಿಂದ ರಾಜಶ್ರೀಯ ದನಿ ಬಂತು, ಎಲ್ಲರಿಗೂ ಕೇಳುವಷ್ಟು ಜೋರಾಗಿ.

"ಅಕ್ಕಾರ! ನನಗ ಮರ್ತ ಹೋಗೇತ್ರಿ! ಹೆಂಗ ಹೊಳ್ಳಿಸೂದು, ಒಮ್ಮೆ ತೋರಸ್ರಿ!"

ಅಕ್ಕ ಥಟ್ಟನೆ ತಲೆ ಎತ್ತಿದಳು. ಹೆದರಿದ್ದವಳಿಗೆ ಸಿಟ್ಟು ಬಂದುಬಿಟ್ಟಿತು. "ನಿನ್ನೆ ಅಲ್ವಾ ಹೇಳಿಕೊಟ್ಟದ್ದು! ಈಗ ಮರೆತದ್ದಾ? ಸರಿಯಾಗಿ ಕಣ್ಣು ಬಿಟ್ಟು ನೋಡು!" ಎಂದವಳೇ ಹೊರಟಳು. ಮೊದಲ ತಿರುವಿನಲ್ಲಿ, "ಕತ್ತು ಮೊದಲು, ನೋಡಿದೆಯಾ?" ಎಂದಳು. ಎರಡನೆಯದರಲ್ಲಿ, "ದೂರ ನೋಡು, ಚಕ್ರ ನೋಡಬೇಡ" ಎಂದಳು. ಮಾತಾಡುತ್ತ ಮಾತಾಡುತ್ತ ಇಡೀ ಎಂಟನ್ನು ಸುತ್ತಿ ಬಂದು ನಿಲ್ಲಿಸಿ, "ಗೊತ್ತಾಯಿತಾ?" ಎಂದು ಕೇಳಿದಳು. ಕಾಲು ನೆಲ ಮುಟ್ಟಿರಲಿಲ್ಲ.

"ನಮಗೂ ಗೊತ್ತಾಯಿತು ಅಮ್ಮ" ಎಂದರು ಇನ್ಸ್‌ಪೆಕ್ಟರ್, ಕಟ್ಟಿದ ಕೈ ಬಿಚ್ಚಿ ಗುರುತು ಹಾಕುತ್ತ. ಸಾಲಿನವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ರಾಜಶ್ರೀಯೂ ಪಾಸಾದಳು, ಮರೆತವಳ ಹಾಗೇನೂ ಕಾಣಲಿಲ್ಲ.

ಬಸ್ಸಿನಲ್ಲಿ ನಾನು ಅವಳನ್ನು ತರಾಟೆಗೆ ತೆಗೆದುಕೊಂಡೆ. "ಪರೀಕ್ಷೆಯ ಹೊತ್ತಿಗೆ ಮರೆಯುವುದಾ ಹೆಣ್ಣೇ?"

"ಎಲ್ಲಿ ಮರ್ತೀನ್ರಿ" ಎಂದು ರಾಜಶ್ರೀ ತಲೆ ತಗ್ಗಿಸಿದಳು. "ಅಕ್ಕಾರಿಗೆ ನಾ ಕೇಳಿದ್ರ ಎಲ್ಲಾ ನೆನಪಾಕ್ಕೇತ್ರಿ. ಅದಕ್ಕ ಕೇಳಿದೆ." ಅಕ್ಕನ ಕಡೆ ತಿರುಗಿ ಮತ್ತೆ ಅಂದಳು: "ಕೋಣಿ ನೋಡಾಕ ಬಂದ ದಿನಾನ ನೀವು ಬೀಳೂದನ್ನ ಕಿಟಕ್ಯಾಗಿಂದ ನೋಡಿದ್ದೆ ಅಕ್ಕಾರ."

ಅಕ್ಕನ ಮುಖ ಕೆಂಪಾಯಿತು. "ಮತ್ತೆ ನನ್ನ ಹತ್ತಿರವೇ ಯಾಕೆ ಕೇಳಿದ್ದು?"

"ಗಾಡಿ ಹೊಡಿಯಾಕ ಬರಾವ್ರು ನಗ್ತಾರ್ರಿ. ನೀವು ನಗಾಂಗಿಲ್ಲ ಅಂತ ಗೊತ್ತಿತ್ತು."

ಅಕ್ಕ ಅವಳ ಕೈ ಹಿಡಿದುಕೊಂಡಳು. ಎರ್ಮಾಳಿನಲ್ಲಿ ಇಳಿಯುವವರೆಗೂ ಬಿಡಲಿಲ್ಲ.

ಈಗ ಅಕ್ಕನ ಸ್ಕೂಟರಿನ ಹಾರ್ನ್ ಬನ್ನಂಜೆಯ ಬೆಕ್ಕುಗಳಿಗೂ ಗೊತ್ತು. ಬೀರಪ್ಪ ರಾಜಶ್ರೀಗೆ ಹಳೆಯದೊಂದು ಗಾಡಿ ಕೊಡಿಸಿದ್ದಾನೆ. ಕಾರ್ಕಳದ ಕಲ್ಲುಕೋರೆಯವರೂ ರೊಟ್ಟಿ ಕೇಳುತ್ತಿದ್ದಾರಂತೆ. ಒಬ್ಬಳೇ ಅಷ್ಟು ದೂರ ಬೇಡ ಎಂದು ಅಕ್ಕ ಗದರಿಸಿ ಇಟ್ಟಿದ್ದಾಳೆ. ಫೋನಿನಲ್ಲಿ ಹಣ ತೆಗೆದುಕೊಳ್ಳುವುದನ್ನೂ ಅಕ್ಕ ಕಲಿತಿದ್ದಾಳೆ, ನನ್ನಿಂದಲ್ಲ, ಅಂಗಾರನ ಹೆಂಡತಿಗೆ ಕಲಿಸಲು ಹೋಗಿ.

ಮೊನ್ನೆ ಭಾನುವಾರ ಸಂಜೆ ಮೈದಾನದಲ್ಲಿ ಅಕ್ಕ ಸ್ಕೂಟರ್ ನಿಲ್ಲಿಸಿ ನನ್ನನ್ನು ಕರೆದಳು. "ರತ್ನಾ, ನೀನು ಯಾವಾಗ ಕಲಿಯುವುದು?"

"ನಾನಾ? ಈ ವಯಸ್ಸಿಗಾ? ಅದೆಲ್ಲ ನನ್ನ ಮಂಡೆಗೆ ಹೋಗುವುದಿಲ್ಲ" ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅಕ್ಕ ನಗಲಿಲ್ಲ. ಹತ್ತಿರ ಬಂದು ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟಳು.

"ಇಲ್ಲಿ ಎಂತ ಉಂಟು?" ಎಂದಳು.

ನಾನು ಹತ್ತಿ ಕೂತೆ. ಅಕ್ಕ ಹಿಂದೆ ಹಿಡಿದುಕೊಂಡಳು. ದಾರಿಗೆ ಅಡ್ಡವೆಂದು ರಾಜಶ್ರೀ ಬಲೆಯ ರಾಶಿಯನ್ನು ಆಚೆ ಎಳೆಯಲು ಹೋದಳು. ಅದು ಅಲ್ಲೇ ಇರಲಿ ಮಾರಾಯ್ತಿ, ಬೀಳಲಿಕ್ಕೆ ಬೇಕಲ್ಲ ಎಂದೆ.