ಮನೆದೇವರ ಹೆಸರಿನ ಕೀಲಿ

ಮನೆಗೆ ಕೀಲಿ ಹಾಕಿ ಮೂರು ಸಲ ಜಗ್ಗಿ ನೋಡದೆ ನಾನು ಓಣಿ ದಾಟಿದವನಲ್ಲ. ಎರಡನೆಯ ಸಲಕ್ಕೇ ಹೆಂಡತಿ, "ಇನ್ನೊಮ್ಮೆ ಜಗ್ರಿ, ಕೊಂಡಿನೇ ಕಿತ್ತು ಬರ್ತದ, ಕಳ್ಳರಿಗಿ ತ್ರಾಸ ಉಳೀತದ" ಎನ್ನುತ್ತಾಳೆ. ಇಂಥ ಮನುಷ್ಯ ತನ್ನ ಸಮಾಜದ ಹೆಣ್ಣುಮಕ್ಕಳ ವಿವರಗಳನ್ನೆಲ್ಲ ಕೀಲಿಯೇ ಇಲ್ಲದ ಜಾಗದಲ್ಲಿಟ್ಟು ಎರಡು ತಿಂಗಳು ನೆಮ್ಮದಿಯಿಂದ ಇದ್ದ ಎಂದರೆ ಯಾರೂ ನಂಬುವುದಿಲ್ಲ. ಆದರೆ ಇದ್ದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಬಸವಕಲ್ಯಾಣದಲ್ಲಿ ನಾನು ಒಂದು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ನಮ್ಮ ಸಮಾಜದ ಹಿರಿಯರು ಪ್ರತಿವರ್ಷ ವಧು-ವರರ ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರು. ಜೊತೆಗೆ ಹೆಸರು, ಓದು, ಮನೆದೇವರು, ಸೋದರಮಾವನ ಊರು. ಫೋಟೊ ಮತ್ತು ಫೋನ್ ನಂಬರು ಮಾತ್ರ ಹಿರಿಯರ ಅಲಮಾರಿನಲ್ಲೇ ಉಳಿಯುತ್ತಿದ್ದವು. ಮನಸ್ಸಿದ್ದವರು ಹೋಗಿ ಕೇಳಬೇಕು, ಹಿರಿಯರು ಇವರ ಪೂರ್ವಾಪರ ವಿಚಾರಿಸಿ, ಚಹಾ ಕುಡಿಸಿ, ಆಮೇಲೆ ಕೊಡಬೇಕು. ಆ ಪುಸ್ತಕವನ್ನು ವೆಬ್‌ಸೈಟ್ ಮಾಡಿಕೊಡುತ್ತೇನೆಂದು ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ. ಒಬ್ಬೊಬ್ಬರಿಗೆ ಒಂದೊಂದು ಪುಟ ಬರೆದಿಟ್ಟೆ. ಅಂಥ ಬರೆದಿಟ್ಟ ಪುಟವನ್ನು ಯಾರು ಕೇಳಿದರೂ ಸರ್ವರ್ ಎತ್ತಿ ಕೊಟ್ಟುಬಿಡುತ್ತದೆ. ನೀನು ಯಾರು, ಯಾರ ಪೈಕಿ ಎಂದು ವಿಚಾರಿಸುವುದಿಲ್ಲ. ಚಹಾದ ಮಾತಂತೂ ದೂರ. ಪುಟ ಬೋಳುಬೋಳಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಅಲಮಾರಿನಲ್ಲಿದ್ದ ಅರ್ಜಿಗಳಿಂದ ಫೋಟೊ, ಫೋನು, ಕೆಲಸದ ಜಾಗ ಎಲ್ಲವನ್ನೂ ತೆಗೆದು ಹಾಕಿದೆ.

ಒಂದು ದಿನ ಬೆಳಗ್ಗೆ ಬಟ್ಟೆ ಅಂಗಡಿಯ ಸಾವಕಾರರು ಕ್ಲಾಸಿನ ಬಾಗಿಲಲ್ಲಿ ನಿಂತರು. ಅವರ ಮಗಳು ಬಿ.ಎಸ್ಸಿ. ಮುಗಿಸಿ ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಿನಾ ಬೆಳಗಿನ ಆರರ ಬಸ್ಸಿಗೆ ಹೋಗುತ್ತಿದ್ದಳು.

"ಮಾಸ್ತರ್ರ, ಯಾವನೋ ಒಬ್ಬಾಂವ ಮನೀಗಿ ಫೋನ್ ಮಾಡಾಕತ್ತಾನ. ಹೆಸರು ಹೇಳಂಗಿಲ್ಲ. ಮಗಳ ಕೈಯಾಗ ಕೊಡ್ರಿ ಅಂತಾನ. ಯಾವ ಕಾರ್ಖಾನಿ ಅಂತ ಸುದ್ದಾ ಅವಗ ಗೊತ್ತದ."

ಕಾರ್ಖಾನೆಯ ಹೆಸರನ್ನು ಪುಟಕ್ಕೆ ಹಾಕಿದವನು ನಾನೇ. ಹೆದರಿಕೆ ನನಗೆ ಹೊಸದಲ್ಲ. ಈ ಸಲ ಅದಕ್ಕೆ ಕಾರಣವಿತ್ತು ಎಂಬುದು ಹೊಸದು.

"ಕೀಲಿ ಹಾಕ್ತೀನ್ರಿ, ಸಾವ್ಕಾರ್ರ," ಎಂದೆ.

"ಹಾಕ್ರಿ. ಅಲ್ಲೀತನಕ ಆಕಿ ಮನ್ಯಾಗೇ ಇರ್ತಾಳ. ಬರೋ ಸೋಮವಾರ ಕಳಸ್ಲಿಲ್ಲಂದ್ರ ಕೆಲಸ ಹೋಗ್ತದ ಅಂತ ಅಳಾಕತ್ತಾಳ. ಹೋದ್ರ ಹೋಗ್ಲಿ, ಇಜ್ಜತ್ ದೊಡ್ಡದು."

ಅಂದು ಮಂಗಳವಾರ. ಒಂದು ಹುಡುಗಿಯ ನೌಕರಿ ನನ್ನ ಕೀಲಿಗೆ ಜೋತುಬಿದ್ದಿತ್ತು.

ಸರ್ವರ್‌ಗೆ ಕೀಲಿ ಹಾಕುವುದು ಓದಲಿಕ್ಕೆ ಸುಲಭ. ಪುಟಗಳಿರುವ ಫೋಲ್ಡರಿನಲ್ಲಿ ಒಂದು ಚಿಕ್ಕ ಫೈಲು ಇಡಬೇಕು. ಅದರೊಳಗೆ ನಾಲ್ಕು ಸಾಲಿನ ಅಪ್ಪಣೆ: ಒಳಗೆ ಬರುವವರಿಂದ ಮೊದಲು ಹೆಸರು ಕೇಳು, ಪಾಸ್‌ವರ್ಡ್ ಕೇಳು, ಹೊಂದಿದರೆ ಬಿಡು. ಪಾಸ್‌ವರ್ಡ್‌ಗಳನ್ನು ಇನ್ನೊಂದು ಫೈಲಿನಲ್ಲಿ, ಪುಟಗಳ ಫೋಲ್ಡರಿನ ಆಚೆ ಇಡಬೇಕು. ಇಲ್ಲದಿದ್ದರೆ ಕೀಲಿಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ. ಅಪ್ಪಣೆಯ ಫೈಲಿನ ಹೆಸರು ಚುಕ್ಕೆಯಿಂದ ಶುರುವಾಗಬೇಕಿತ್ತು. ಹಾಗೆ ಶುರುವಾಗುವ ಫೈಲುಗಳನ್ನು ಸರ್ವರ್ ತನ್ನ ಪಟ್ಟಿಯಲ್ಲಿ ತೋರಿಸುವುದಿಲ್ಲ. ಇದು ಗೊತ್ತಿಲ್ಲದೆ, ಕಳಿಸಿದ್ದು ಮುಟ್ಟಲಿಲ್ಲವೆಂದು ಆರು ಸಲ ಕಳಿಸಿದೆ. ಆಮೇಲೆ ಪಾಸ್‌ವರ್ಡ್ ಫೈಲಿನ ದಾರಿಯನ್ನು ತಪ್ಪಾಗಿ ಬರೆದೆ. ಸರ್ವರ್ ಸಿಟ್ಟಿಗೆದ್ದು ಯಾರನ್ನೂ ಒಳಗೆ ಬಿಡಲಿಲ್ಲ, ನನ್ನನ್ನೂ. ಆ ಅರ್ಧ ದಿನ ನಮ್ಮ ಸೈಟು ಎಂದೂ ಇಲ್ಲದಷ್ಟು ಭದ್ರವಾಗಿತ್ತು.

ಇನ್ನುಳಿದದ್ದು ಮನೆಮನೆಗೂ ಒಂದು ಪಾಸ್‌ವರ್ಡ್ ಕೊಡುವ ಕೆಲಸ. ಜನ ಮರೆತರೆ? ದಿನಕ್ಕೆ ಹತ್ತು ಸಲ ನನಗೇ ಫೋನ್ ಬಂದರೆ? ಈ ಚಿಂತೆಯಲ್ಲೇ ಒಂದು ಉಪಾಯ ಹೊಳೆಯಿತು. ಹೆಸರು ಕೇಳಿದಲ್ಲಿ ಪುಸ್ತಕದಲ್ಲಿರುವ ಅವರವರ ನಂಬರು, ಪಾಸ್‌ವರ್ಡ್ ಕೇಳಿದಲ್ಲಿ ಮನೆದೇವರ ಹೆಸರು. ಮನೆದೇವರನ್ನು ಮರೆಯುವವರು ನಮ್ಮಲ್ಲಿ ಯಾರಿದ್ದಾರೆ? ಮನೆಮನೆಗೂ ಹೇಳಿ ಕಳಿಸಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆದರೆ ಪರೀಕ್ಷೆ ಮಾಡುವಾಗ ಕೀಲಿ ಒಮ್ಮೆ ಕೇಳಿತು, ಎರಡನೆಯ ಸಲ ಕೇಳದೇ ಪುಟ ತೆರೆಯಿತು. ಮೂರು ಸಲ ಜಗ್ಗಿ ನೋಡುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೆ? ಕ್ಲಾಸಿನಲ್ಲಿ ಇಂಟರ್ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ, ಹೊರಗೆ ಬೇರೆ ಕಂಪ್ಯೂಟರಿನಲ್ಲಿ ನೋಡಬೇಕೆಂದೆ. ಮಗಳು ತಾನೂ ಕಣ್ಣಾರೆ ನೋಡಬೇಕೆಂದಳು, ಊರಿನ ಇಂಟರ್ನೆಟ್ ಕೆಫೆಗೆ ಅವಳನ್ನು ಕರೆದೊಯ್ದರೆ ಮಂದಿ ಮಾತಾಡುತ್ತಾರೆ ಎಂದರು ಸಾವಕಾರರು. ಹೀಗಾಗಿ ಶನಿವಾರ ಮೂವರೂ ಬಸ್ಸು ಹತ್ತಿ ಹುಮನಾಬಾದಿಗೆ ಹೋದೆವು.

ಬಸ್ ನಿಲ್ದಾಣದ ಹತ್ತಿರ ಒಂದು ಕೆಫೆ. ವಿಳಾಸ ಹೊಡೆದೆ. ಪುಟ ಬರಲಿಲ್ಲ, ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಚೌಕ ಬಂತು. ಸಾವಕಾರರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಮಗಳ ಪುಟ ತೆರೆಯಿತು. ಅವರು ಕೈಮುಗಿದರು.

"ದೇವರೇ ಕಾವಲಾ ಕುಂತಂಗ ಆತು ನೋಡ್ರಿ, ಮಾಸ್ತರ್ರ."

ನಾನು ಹೌದೆಂಬಂತೆ ತಲೆಯಾಡಿಸಿದೆ. ಹಿಂದೆ ನಿಂತಿದ್ದ ಹುಡುಗಿ ಮುಂದೆ ಬಂದು ಅಂದಳು: "ಅಪ್ಪಾ, ಚೀಲದಾಗ ಪುಸ್ತಕ ಅದ ಏನು? ಇಲ್ಲಿ ಕೊಡು."

ಅವಳು ಬ್ರೌಸರ್ ಮುಚ್ಚಿ ಮತ್ತೆ ತೆರೆದಳು. ಚೌಕ ಮತ್ತೆ ಕೇಳಿತು. ಒಮ್ಮೆ ಹೊಡೆದ ಪಾಸ್‌ವರ್ಡನ್ನು ಬ್ರೌಸರ್ ತಾನು ಮುಚ್ಚುವತನಕ ನೆನಪಿಟ್ಟುಕೊಳ್ಳುತ್ತದೆ, ಮುಚ್ಚಿ ತೆರೆದರೆ ಸಾಕಿತ್ತು, ಇಷ್ಟು ದೂರ ಬರಬೇಕಿರಲಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ಅವಳು ಪುಸ್ತಕದ ನಡುವೆ ಎಲ್ಲೋ ಒಂದು ಹಾಳೆ ತೆರೆದು, ಯಾರದೋ ನಂಬರು ಹೊಡೆದಳು, ಅದರ ಕೆಳಗೇ ಅಚ್ಚಾಗಿದ್ದ ಮನೆದೇವರ ಹೆಸರು ಹೊಡೆದಳು. ಕೀಲಿ ತೆರೆಯಿತು.

"ಕಾಕಾ, ಫೋನ್ ಮಾಡಾಕತ್ತಾಂವ ನಮ್ಮ ಸಮಾಜದಾಂವೇ ಇದ್ರ? ಅವನ ಮನ್ಯಾಗೂ ಈ ಪುಸ್ತಕ ಇರ್ತದಲ್ರಿ."

ನಾನು ಕೀಲಿ ಮಾಡಿದ್ದೆ. ಅದರ ಕೀಲಿಕೈಯನ್ನು ಸಮಾಜ ಆಗಲೇ ಅಚ್ಚು ಹಾಕಿಸಿ ಮನೆಮನೆಗೆ ಹಂಚಿತ್ತು.

ಸಾವಕಾರರ ಮುಖ ಸಣ್ಣದಾಯಿತು. "ಅಂದ್ರ ಕೆಲಸದ ಮಾತು ಮುಗೀತು," ಎಂದು ಎದ್ದರು.

"ಕುಂಡ್ರು ಅಪ್ಪಾ," ಎಂದಳು ಅವಳು. "ಕಾಕಾ, ಈ ಫೋನು, ಫೋಟೊ, ಕಾರ್ಖಾನಿ ಹೆಸರು ಪುಸ್ತಕದಾಗ ಇಲ್ಲ. ಇಲ್ಲಿ ಯಾಕ ಬೇಕಿತ್ತು?"

"ಪುಟ ಚಂದ ಕಾಣ್ಲಿ ಅಂತ..."

ಅವಳು ನನ್ನನ್ನೇ ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು.

"ತಗೀರಿ ಎಲ್ಲಾ. ಎಲ್ಲಾರದೂ ತಗೀರಿ. ಪಾಸ್‌ವರ್ಡೂ ಬದಲಾ ಮಾಡ್ರಿ, ಯಾರಿಗೂ ಊಹಾ ಆಗಬಾರ್ದು."

"ಮಂದಿ ಮರೀತಾರ, ತಂಗಿ."

"ಮರೀಲಿ. ಬಂದು ಕೇಳ್ತಾರ. ಮೊದಲೂ ಬಂದೇ ಕೇಳ್ತಿದ್ರಲ್ರಿ."

ಅಲ್ಲೇ ಕೂತು ಒಂದೊಂದೇ ಪುಟ ತೆರೆದು ಫೋನು, ಕೆಲಸದ ಜಾಗ ಅಳಿಸಿದೆ. ಫೋಟೊಗಳನ್ನು ಫೋಲ್ಡರು ಸಮೇತ ತೆಗೆದೆ, ಪಾಸ್‌ವರ್ಡ್‌ಗಳನ್ನೂ ಬದಲಿಸಿದೆ. ಅವಳು ಪಕ್ಕದಲ್ಲಿ ಕೂತು ಪುಸ್ತಕ ನೋಡುತ್ತ, ಯಾವುದೂ ಬಿಟ್ಟಿಲ್ಲವೆಂದು ನಂಬರಿಗೆ ಗೆರೆ ಎಳೆಯುತ್ತಿದ್ದಳು. ಸಾವಕಾರರು ಹೊರಗೆ ಹೋಗಿ ಚಹಾ ಹೇಳಿ ಬಂದರು, ಅವರಿಗೆ ಬೇರೆ ಏನು ಮಾಡಬೇಕೆಂದು ತಿಳಿದಿರಲಿಕ್ಕಿಲ್ಲ. ಎಲ್ಲ ಮುಗಿದ ಮೇಲೆ ಅವಳು ಅಂದಳು: "ಅಪ್ಪಾ, ಕೀಲಿ ಮುರದಾಕಿನೂ ನಾನೇ, ಹಾಕ್ಸಿದಾಕಿನೂ ನಾನೇ. ಸೋಮವಾರ ಹೋಗ್ತೀನಿ."

ಊರು ಬಂದ ಮೇಲೆ, ಬಸ್ಸಿನಿಂದ ಇಳಿಯುವ ಮೊದಲು ಸಾವಕಾರರು ಮಗಳಿಗೆ ಅಂದರು: "ಆರರ ಬಸ್ಸಿಗಿ ಬ್ಯಾಡ. ಆರೂವರಿದಕ್ಕ ಹೋಗು. ಅದರಾಗ ಮಂದಿ ಇರ್ತಾರ."

ಭಾನುವಾರ ಇಡೀ ಹೊಸ ಪಾಸ್‌ವರ್ಡ್‌ಗಳ ಚೀಟಿ ಹಂಚುತ್ತ ಓಣಿಓಣಿ ತಿರುಗಿದೆ. "ದೇವರ ಹೆಸರು ಚಲೋ ಇತ್ತು, ಇದೇನ್ರಿ ಈ ಕಾಗಿಕಾಲು?" ಎಂದು ಒಬ್ಬ ಅಜ್ಜಿ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಸೋಮವಾರ ಆರೂವರೆಯ ಬಸ್ಸಿನಲ್ಲಿ ಅವಳ ಹಿಂದಿನ ಸೀಟಿನಲ್ಲಿ ನಾನಿದ್ದೆ.

"ನೀವೆಲ್ಲಿಗ್ರಿ, ಕಾಕಾ?"

"ಆ ಕೆಫೆದಾಗ ಇನ್ನೊಮ್ಮೆ ತೆಗದು ನೋಡ್ತೀನಿ."

"ಕ್ಲಾಸಿನಾಗೇ ಬ್ರೌಸರ್ ಮುಚ್ಚಿ ತೆರದ್ರ ಆಗ್ತಿತ್ತಲ್ರಿ."

"ಅದನ್ನೂ ನೋಡೀನಿ. ಎರಡು ಸಲ."

ಅವಳು ನಕ್ಕು ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಊರು ದಾಟುವ ಮೊದಲೇ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ದಿನಾ ಅದೇ ದಾರಿಯಲ್ಲಿ ಹೋಗುವವರ ನಿದ್ದೆ. ನಾನು ಕಿಸೆಯಲ್ಲಿ ಚೀಟಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ.