ಸ್ವಲ್ಪ ದಿನಕ್ಕೊಂದು ಮನೆ

ಓಣಿಯವರು ಅವನನ್ನು ಮಟ್ಟಣ್ಣ ಎನ್ನುತ್ತಿದ್ದರು. ಮನೆಗಳಿಗೆ ಟೈಲ್ಸ್ ಹಾಕುವುದು ಅವನ ಕೆಲಸ. ಊಟದ ಡಬ್ಬಿ ಮರೆತು ಹೋದಾನು, ನೆಲದ ಓರೆಕೋರೆ ತೋರಿಸುವ ರಸಮಟ್ಟ ಚೀಲದಲ್ಲಿ ಇಲ್ಲದೆ ಹೊಸ್ತಿಲು ದಾಟಿದವನಲ್ಲ. ನಾಲ್ಕು ಮೂಲೆಗೆ ನಾಲ್ಕು ಉಂಡೆ ಸಿಮೆಂಟು, ನಡುವೆ ಇನ್ನೊಂದು ಇಟ್ಟು ಮೇಲೆ ಟೈಲ್ ಒತ್ತಿ ಕೈ ತೊಳೆದುಕೊಳ್ಳುವವರೇ ಹೆಚ್ಚು. ಅಂಥ ನೆಲ ಮೇಲೆ ಕನ್ನಡಿ, ಅಡಿಯಲ್ಲಿ ಟೊಳ್ಳು. ಮಟ್ಟಣ್ಣ ಮಾತ್ರ ಅಡಿಯೆಲ್ಲ ತುಂಬಿಸಿ, ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ಮುಂದಿನದಕ್ಕೆ ಕೈ ಹಾಕುತ್ತಿದ್ದ. ಯಾರ ಮನೆಗೆ ಹೋದರೂ ಕೂರುವ ಮೊದಲು ಬಾಗಿ ಬೆರಳ ಗೆಣ್ಣಿನಿಂದ ನೆಲ ತಟ್ಟುವುದು ಅವನ ಚಾಳಿಯಾಗಿತ್ತು. ಹೆಂಡತಿಗೆ ನಾಚಿಕೆಯಿಂದ ತಲೆ ತಗ್ಗಿಸುವಂತಾಗುತ್ತಿತ್ತು.

ಅವಳು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅವಳ ತಮ್ಮ ಬಸ್ಸಿನ ಡ್ರೈವರು, ಬಾಯಿಗೆ ಬ್ರೇಕಿಲ್ಲದವನು. "ನಮ್ಮ ಭಾವ ಸ್ವರ್ಗಕ್ಕೆ ಹೋದ್ರೂ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ನೆಲ ತಟ್ತಾರೆ ನೋಡು" ಎಂದು ಸಿಕ್ಕಿದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಭಾವನೂ ನಗುತ್ತಿದ್ದ. ಟೈಲ್ಸ್ ಕೊಯ್ಯುವ ಯಂತ್ರದ ಧೂಳು ಎದೆಯಲ್ಲಿ ಕೂತಿದೆ, ಅದು ಇನ್ನು ಹೊರಗೆ ಬರುವುದಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಒಂದು ಸಲ ಊಟಕ್ಕೆ ಕೂತಾಗ ಅಭ್ಯಾಸಬಲದಿಂದ ಅದೇ ಮಾತು ತಮ್ಮನ ಬಾಯಿಂದ ಜಾರಿತು. ಯಾರೂ ನಗಲಿಲ್ಲ. ತಟ್ಟೆ ಬಿಟ್ಟು ಎದ್ದು ಕೈ ತೊಳೆಯಲು ಹೋದ ತಮ್ಮ ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ.

ಅವರ ಬಾಡಿಗೆ ಮನೆ ಮೂರನೇ ಮಹಡಿಯಲ್ಲಿತ್ತು. ಪ್ರತಿ ತಿರುವಿನಲ್ಲೂ ಮೆಟ್ಟಿಲ ಮೇಲೆ ಕೂತು ಉಸಿರು ಹಿಡಿದುಕೊಳ್ಳುವ ಗಂಡನನ್ನು ನೋಡಿ, ನೆಲಮಟ್ಟದ ಮನೆಯೊಂದು ಆಗಲೇಬೇಕು ಎಂದು ಅವಳೇ ಮಾತು ತೆಗೆದಳು. ಅವಳ ಮನಸ್ಸಿನಲ್ಲಿದ್ದದ್ದು ಬಾಡಿಗೆ ಮನೆ. ಅವನು ಕೊಳ್ಳೋಣ ಎಂದ. ಅಷ್ಟು ವರ್ಷಗಳ ಸಂಸಾರದಲ್ಲಿ ಸ್ವಂತ ಮನೆಯ ಸುದ್ದಿಯೇ ಎತ್ತದವನು ಈಗ ಹಟ ಹಿಡಿದು ಕೂತ. ಇಬ್ಬರ ದುಡಿಮೆಯಲ್ಲಿ ಕೂಡಿಟ್ಟದ್ದು ಒಂದು ಸಣ್ಣ ಹಳೇ ಮನೆಗೆ ಹೇಗೋ ಆಗುವಂತಿತ್ತು. ಆಸ್ಪತ್ರೆಗೂ ಇದ್ದದ್ದು ಅದೊಂದೇ. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಬ್ರೋಕರು ಮನೆ ತೋರಿಸುತ್ತ ಹೋದ. ಜನ ಗೋಡೆ ನೋಡುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಕಾಗದಪತ್ರ ಕೇಳುತ್ತಾರೆ. ಮಟ್ಟಣ್ಣ ಬಾಗಿಲಲ್ಲೇ ಕೂತು ತಟ್ಟಲು ಶುರುಮಾಡುತ್ತಿದ್ದ. ಒಂದರಲ್ಲಿ ಅಡುಗೆಮನೆ ಟೊಳ್ಳು, ಇನ್ನೊಂದರಲ್ಲಿ ಹಿಂದಿನ ಕೋಣೆ. ಬೆಳಕು ಗಾಳಿ ಎಲ್ಲ ಚೆನ್ನಾಗಿದ್ದ ಮನೆಯನ್ನೂ ಎರಡು ಟೈಲ್ಸ್ ಅಡಿಯ ಪೊಳ್ಳಿಗಾಗಿ ಬೇಡ ಎಂದ. ನೆಲ ಕಿತ್ತು ಬೇರೆ ಹಾಕಿಸಿದರಾಯಿತಲ್ಲ ಎಂದು ಬ್ರೋಕರು ತಲೆ ಚಚ್ಚಿಕೊಂಡ. ಇನ್ನೊಬ್ಬರು ಹಾಕಿದ ನೆಲವನ್ನು ತಾನು ನಂಬುವುದಿಲ್ಲ, ತಾನೇ ಹಾಕಲು ಎದೆಯಲ್ಲಿ ಉಸಿರಿಲ್ಲ ಎಂದು ಮಟ್ಟಣ್ಣ ಲೆಕ್ಕ ಒಪ್ಪಿಸುವವನಂತೆ ಹೇಳಿದ. ಒಂದೊಂದು ಮನೆ ತಪ್ಪಿದಾಗಲೂ ಅವಳ ಮನಸ್ಸು ಹಗುರಾಗುತ್ತಿತ್ತು. ಹಾಗೆ ಹಗುರಾದದ್ದಕ್ಕೆ ನಾಚಿ ದಾರಿಯುದ್ದಕ್ಕೂ ಅವನ ಚೀಲವನ್ನು ತಾನೇ ಹೊರುತ್ತಿದ್ದಳು.

ಕೊನೆಗೆ ಸಂದಿಯೊಂದರ ತುದಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಬಣ್ಣ ಕಾಣದ ಗೋಡೆ, ಪಕ್ಕದ ಗ್ಯಾರೇಜಿನ ಗದ್ದಲ. ಅವನು ಗೋಡೆಯಿಂದ ಗೋಡೆಗೆ ಮೊಣಕಾಲೂರಿಕೊಂಡೇ ಹೋದ. ಎಲ್ಲೂ ಟೊಳ್ಳಿಲ್ಲ. ಎದ್ದು ನಿಂತಾಗ ಅವನ ಮುಖ ಗೆಲುವಾಗಿತ್ತು. ಯಾರೋ ಹೊಟ್ಟೆತುಂಬ ಊಟ ಮಾಡಿ ಕೆಲಸ ಮಾಡಿದ್ದಾರೆ ಎಂದ.

ಬ್ರೋಕರಿಗೆ ಕಾಯಿಲೆಯ ವಿಷಯ ಗೊತ್ತಿರಲಿಲ್ಲ. ಅವನು ಕೆಟ್ಟವನೂ ಅಲ್ಲ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಹಳ ವರ್ಷ ಇರೋದಾದ್ರೆ ತಗೊಳ್ಳಿ. ಸ್ವಲ್ಪ ದಿನಕ್ಕೇ ಅಂದ್ರೆ ಬಾಡಿಗೆನೇ ವಾಸಿ, ನನ್ನ ಕಮಿಷನ್ ಹೋದ್ರೂ ಚಿಂತೆಯಿಲ್ಲ. ಎಷ್ಟು ವರ್ಷ ಇರ್ತೀರಿ?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾಳೆ ಹೇಳುತ್ತೇವೆ ಎಂದು ಅವಳೇ ಅಂದಳು.

ಹೊರಗೆ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವನು ಉಸಿರು ಕೂಡಿಸಿಕೊಂಡು ಹೇಳಿದ: "ದುಡ್ಡು ಕೈಲಿದ್ರೆ ಆಸ್ಪತ್ರೆ ತಿಂದ್ಹಾಕುತ್ತೆ ಕಣೇ. ಗೋಡೆ ಆಗ್ಬಿಟ್ರೆ ತಿನ್ನೋಕಾಗಲ್ಲ. ನಾನು ಹೋದ್ಮೇಲೆ ನಿನ್ನನ್ನ ಯಾರೂ ಎದ್ದು ಹೋಗು ಅನ್ನಬಾರದು."

"ನೀವು ಹೋದ್ಮೇಲೆ ಇರೋ ಮನೆ ನಂಗ್ಯಾಕ್ರೀ? ನೀವಿರೋ ತನಕ ಇರೋಕೊಂದು ನೋಡಿ ಅಂದ್ರೆ, ನನ್ನ ಒಂಟಿಯಾಗಿ ಕೂರಿಸೋಕೆ ಜಾಗ ಹುಡುಕ್ತಾ ಇದೀರಿ. ದುಡ್ಡೆಲ್ಲ ಗೋಡೆಗೆ ಹಾಕಿ, ನಾಳೆ ಔಷಧಿಗಿಲ್ಲ ಅಂತ ನಿಮ್ಮ ಮುಖ ನೋಡ್ಕೊಂಡು ಕೂರ್ಲಾ?"

"ಔಷಧಿಯಿಂದ ಎಷ್ಟು ದಿನ ಜಾಸ್ತಿಯಾಗುತ್ತೆ?"

"ಎಷ್ಟಾದ್ರೆ ಅಷ್ಟು. ನಂಗೆ ಬೇಕು."

ಬಸ್ಸು ಬಂದು ಹೋಯಿತು, ಇಬ್ಬರೂ ಹತ್ತಲಿಲ್ಲ. ನೆಲದುದ್ದಕ್ಕೂ ದಾರ ಎಳೆದು ಹಿಡಿದು, ಒಂದು ಕೂದಲೆಳೆಯ ಓರೆಯನ್ನೂ ಸಹಿಸದವನು ಆ ದಿನ ಸೋತ. ಆಯ್ತು ಬಿಡು, ನಿನ್ನಿಷ್ಟ ಎಂದ. ಅವನು ಅಷ್ಟು ಸುಲಭವಾಗಿ ಒಪ್ಪಿದ್ದೇ ಅವಳಿಗೆ ಭಯ ಹುಟ್ಟಿಸಿತು.

ಆಸ್ಪತ್ರೆಗೆ ಹತ್ತಿರದಲ್ಲಿ ನೆಲಮಟ್ಟದ ಮನೆಯೊಂದು ಬಾಡಿಗೆಗೆ ಸಿಕ್ಕಿತು. ಅವನು ನೇರ ಒಳಗೆ ಹೋಗಿ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಬಾಗಲೂ ಇಲ್ಲ, ತಟ್ಟಲೂ ಇಲ್ಲ. ಅವನು ನಿದ್ದೆಹೋದ ಮಧ್ಯಾಹ್ನದ ಹೊತ್ತು ಅವಳೇ ಒಮ್ಮೆ ಗೆಣ್ಣಿನಿಂದ ತಟ್ಟಿ ನೋಡಿದಳು. ಉದ್ದಕ್ಕೂ ಟೊಳ್ಳು ಸದ್ದು. ಅವನು ನಡೆಯುವಾಗಲೇ ಕೇಳಿಸಿಕೊಂಡಿರಬೇಕು.

ಆದರೂ ಆ ಮನೆಯಲ್ಲಿ ಒಳ್ಳೆಯ ದಿನಗಳು ಬಂದವು. ಹೊಸ ಔಷಧಿ ಸ್ವಲ್ಪ ಹಿಡಿಯಿತು. ಅವಳು ಕೆಲಸದಿಂದ ಬರುವ ಹೊತ್ತಿಗೆ ಅವನು ಬಟಾಣಿ ಬಿಡಿಸಿಟ್ಟಿರುತ್ತಿದ್ದ. ಒಂದೇ ಗಾತ್ರದ ಕಾಳುಗಳನ್ನು ಬೇರೆ ಗುಡ್ಡೆ ಮಾಡಿ ಬೈಸಿಕೊಳ್ಳುತ್ತಿದ್ದ. ಮೆಟ್ಟಿಲಿಲ್ಲದ್ದರಿಂದ ಸಂಜೆ ಬೀದಿಯ ತುದಿವರೆಗೆ ಹೋಗಿ ಬರುತ್ತಿದ್ದರು. ಮುಂದೇನು ಎಂಬ ಮಾತು ಇಬ್ಬರೂ ಎತ್ತಲಿಲ್ಲ. ಆಮೇಲೆ ಆಕ್ಸಿಜನ್ ಸಿಲಿಂಡರು ಮನೆಗೆ ಬಂತು, ವಾರ್ಡು ಬಂತು, ತೀವ್ರ ನಿಗಾ ಕೋಣೆ ಬಂತು. ಕೂಡಿಟ್ಟದ್ದು ಅವನು ಹೇಳಿದ ಹಾದಿಯಲ್ಲೇ ಹೋಯಿತು. ಒಂದು ಬೆಳಿಗ್ಗೆ ಅವಳು ಮುಖ ತೊಳೆದು ಬರುವಷ್ಟರಲ್ಲಿ ಅವನಿರಲಿಲ್ಲ.

ಮನೆಯ ಮಾಲೀಕ ಗೌರವದಿಂದಲೇ ಕಾದ. ಅವಳೊಬ್ಬಳ ದುಡಿಮೆಯಲ್ಲಿ ಬಾಡಿಗೆ ಹುಟ್ಟದೆಂದು ಖಚಿತವಾದ ಮೇಲೆ ಕೀಲಿ ಇಸಿದುಕೊಂಡ.

ಈಗ ಅವಳು ತಮ್ಮನ ಮನೆಯ ಹಜಾರದಲ್ಲಿದ್ದಾಳೆ. ಮಕ್ಕಳು ಏಳುವ ಮೊದಲೇ ಹಾಸಿಗೆ ಸುತ್ತಿ ಬೀರುವಿನ ಹಿಂದೆ ತಳ್ಳುತ್ತಾಳೆ. ತಮ್ಮನ ಹೆಂಡತಿ ಒಳ್ಳೆಯವಳು, ಒಂದು ಮಾತೂ ಆಡಿದವಳಲ್ಲ. ಆಡಬಹುದು ಎಂದು ಇವಳೇ ಪಾತ್ರೆಯ ಸದ್ದಿಗೆಲ್ಲ ಬೆಚ್ಚುತ್ತಾಳೆ. ಮೊನ್ನೆ ತಮ್ಮ ತಡೆಯಲಾರದೆ ಕೇಳಿದ: "ಅಕ್ಕಾ, ಅವತ್ತು ಭಾವನ ಮಾತು ಕೇಳಿದ್ರೆ ಚೆನ್ನಾಗಿತ್ತು ಅನ್ಸಲ್ವಾ ನಿಂಗೆ?"

ಅವಳು ಮಡಚುತ್ತಿದ್ದ ಹೊದಿಕೆಯ ಅಂಚು ಸರಿಮಾಡಿದಳು.

"ಮನೆ ಇರ್ತಿತ್ತು" ಎಂದಳು. "ಆ ಸಂಜೆಗಳು ಇರ್ತಿರಲಿಲ್ಲ. ಯಾವುದು ಜಾಸ್ತಿ ಅಂತ ನನ್ನ ಕೇಳಬೇಡ ಕಣೋ."

ಅವಳು ಹೊದಿಕೆಯನ್ನು ಬೀರುವಿನ ಹಿಂದೆ ತುರುಕಿ ಕೆಲಸಕ್ಕೆ ಹೊರಟಳು.