ಕ್ರಾಸಿಂಗ್ ಮುಗಿಯುವವರೆಗೆ

ನಾನು ಹನಮವ್ವನಿಗೆ ಸುಳ್ಳು ಹೇಳಿದೆ. ತಿಳಿಯದೆ ಆಡಿದ ಮಾತಲ್ಲ ಅದು — ಎಲ್ಲ ಗೊತ್ತಿದ್ದೂ, ಅವಳ ಮುಖ ನೋಡಿಕೊಂಡೇ ಹೇಳಿದೆ.

ಕುಷ್ಟಗಿ ಸೀಮೆಯಲ್ಲಿ ಬೀಜದ ಕಂಪನಿಯೊಂದರ ಮೇಲ್ವಿಚಾರಕ ನಾನು. ಬಲೆ ಹೊದಿಸಿದ ನೆಟ್‌ಹೌಸಿನೊಳಗೆ ಹೆಣ್ಣುಮಕ್ಕಳು ಟೊಮೆಟೊ ಮೊಗ್ಗು ಬಿಡಿಸಿ, ಕೇಸರ ಕಿತ್ತು, ಬೇರೆ ತಳಿಯ ಹೂವಿನ ಪುಡಿ ಮುಟ್ಟಿಸುತ್ತಾರೆ. ಅದಕ್ಕೆ ಇಲ್ಲಿ ಕ್ರಾಸಿಂಗ್ ಎನ್ನುತ್ತಾರೆ. ಹಾಗೆ ಕಟ್ಟಿದ ಕಾಯಿಯ ಬೀಜ ಅಮೆರಿಕಕ್ಕೆ ಹೋಗುತ್ತಿತ್ತು. ಹನಮವ್ವ ನಮ್ಮ ಹನ್ನೆರಡು ಮಂದಿಯ ಗುಂಪಿಗೆ ಹಿರಿಯಳು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಈ ಕೆಲಸದಲ್ಲೇ ಸಾಕಿದವಳು. ಅವಳ ಬೆರಳು ಮುಟ್ಟಿದ ಹೂವು ಉದುರಿದ್ದು ಕಡಿಮೆ.

ಆ ವರ್ಷ ಅಮೆರಿಕ ನಮ್ಮ ದೇಶದ ಮಾಲಿನ ಮೇಲೆ ಸುಂಕ ಏರಿಸಿತು. ಸುದ್ದಿ ಕೇಳಿದ ದಿನದಿಂದ ಕಂಪನಿಯ ಫೋನಿಗೇ ಕಾಯುತ್ತಿದ್ದೆ. ಕೊನೆಗೆ ಮ್ಯಾನೇಜರರ ಫೋನು ಬಂತು.

"ಮುಂದಿನ ಹಂಗಾಮಿನ ಆರ್ಡರ್ ಕ್ಯಾನ್ಸಲ್ ಆತು. ಸುಂಕ ಕೂಡಿದ್ರ ಅಲ್ಲಿ ರೈತರಿಗೂ ನಮ್ಮ ಬೀಜ ತುಟ್ಟಿ ಆಗತೈತಂತ. ಈ ಹಂಗಾಮು ಮುಗದ ಮ್ಯಾಲ ನೆಟ್‌ಹೌಸ್ ಬಂದ್. ಹೆಣ್ಣಮಕ್ಕಳಿಗೆ ಈಗ ಹೇಳಬ್ಯಾಡ್ರಿ, ಬಿಟ್ಟು ಹೊಕ್ಕಾರ."

ಕ್ರಾಸಿಂಗ್ ಇನ್ನೂ ಹತ್ತು ದಿನ ಉಳಿದಿತ್ತು. ಮೂರನೆಯ ದಿನ ಹನಮವ್ವ ಬುತ್ತಿ ಬಿಚ್ಚುವುದನ್ನು ಬಿಟ್ಟು ನನ್ನ ಹತ್ತಿರ ಬಂದಳು.

"ಸರ, ಹಾಸ್ಟೆಲಿನಾಗ ಅಡಗಿ ಮಾಡಾಕ ಕರದಾರ. ಸೋಮವಾರನ ಬಾ ಅಂದಾರ. ಮುಂದಿನ ಹಂಗಾಮಿಗೂ ಇಲ್ಲಿ ಕೆಲಸ ಇದ್ರ ನಾ ಹೋಗಂಗಿಲ್ಲ. ಖರೇ ಹೇಳ್ರಿ, ಇರತೈತಿಲ್ಲೋ?"

ಸುಮ್ಮನಿದ್ದರೂ ಅವಳಿಗೆ ತಿಳಿಯುತ್ತಿತ್ತು. ನಾನು ಸುಮ್ಮನಿರಲಿಲ್ಲ. ಅವಳು ಹೋದರೆ ಉಳಿದವರೂ ಹೋಗುತ್ತಾರೆ, ಬೀಜ ಕಡಿಮೆ ಬೀಳುತ್ತದೆ, ಮೊದಲು ನನ್ನನ್ನೇ ಮನೆಗೆ ಕಳಿಸುತ್ತಾರೆ — ಆ ಕ್ಷಣ ನನಗೆ ಕಂಡದ್ದು ಇಷ್ಟೇ.

"ಇರತೈತಿ ಹನಮವ್ವ. ನೀ ಎಲ್ಲಿಗೂ ಹೋಗಬ್ಯಾಡ."

ಅವಳು ನಕ್ಕು, ಮತ್ತೆ ಸಾಲಿನೊಳಗೆ ಹೋದಳು. ಅಂದಿನಿಂದ ನಾನು ಆ ಸಾಲಿನತ್ತ ಹೋಗುವುದನ್ನೇ ಬಿಟ್ಟೆ. ಯಾರಾದರೂ ಪೇಪರಿನ ಸುದ್ದಿ ತೆಗೆದರೆ ಮಾತು ಮರೆಸುತ್ತಿದ್ದೆ. ಕಾಯಿ ಬಿಡಿಸಿ, ಬೀಜ ಒಣಗಿಸಿ ಕಳಿಸಿದ ವಾರವೇ ಬಲೆ ಬಿಚ್ಚಿದರು. ಹಾಸ್ಟೆಲಿನ ಕೆಲಸ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ನನ್ನನ್ನು ಮಾತ್ರ ಕಂಪನಿ ಮೆಕ್ಕೆಜೋಳದ ಬೀಜಕ್ಕೆ ಹಾಕಿ ಉಳಿಸಿಕೊಂಡಿತು.

ಹನಮವ್ವ ಈಗ ಕರೆದವರ ದಾಳಿಂಬೆ ತೋಟಕ್ಕೆ ಟೆಂಪೋದಲ್ಲಿ ಹೋಗುತ್ತಾಳೆ. ಹಿರಿಯ ಮಗಳು ಕಾಲೇಜು ಬಿಟ್ಟು ಅವಳ ಜೊತೆಗಿದ್ದಾಳೆ. ಒಮ್ಮೆ ಸಂತೆಯಲ್ಲಿ ಸಿಕ್ಕವಳು ತಾನೇ ನನಗೆ ಸಮಾಧಾನ ಹೇಳಿದಳು: "ನಿಮಗರ ಏನ್ ಗೊತ್ತಿತ್ತರಿ ಸರ, ದೇಶ ದೇಶದ ಜಗಳ ಅದು." ಬೈದಿದ್ದರೆ — ಬೈದಿದ್ದರೆ ಬಹುಶಃ ನಾನು ಇನ್ನೂ ಸುಮ್ಮನೇ ಇರುತ್ತಿದ್ದೆನೇನೋ.

ಹೋದ ಭಾನುವಾರ ಅವಳ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಸುಂಕ ಹಾಕಿದ್ದು ನಾನಲ್ಲ. ಆದರೆ ಅವಳಿಗಿದ್ದ ಒಂದು ಬಾಗಿಲನ್ನು ಮುಚ್ಚಿದ್ದು ನಾನೇ, ಎಂದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ನಂದು ಇರಲಿ ಸರ. ನೀವು ಹೇಳಿದ್ರಂತ ನಾ ಹನ್ನೊಂದು ಮಂದೀನ ಹಿಡದು ನಿಲ್ಲಿಸಿದ್ದೆ. ಅವರು ಇವತ್ತಿಗೂ ನನ್ನ ಮುಖ ನೋಡಂಗಿಲ್ಲ. ಅವರಿಗೆ ಯಾರು ಹೇಳ್ತಾರ?"

ಅದು ನನಗೆ ಗೊತ್ತಿರಲಿಲ್ಲ. ಅವಳು ನೀರು ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಇವತ್ತು ಇಬ್ಬರ ಮನೆಗೆ ಹೋಗಿ ಬಂದಿದ್ದೇನೆ. ಇನ್ನೂ ಒಂಬತ್ತು ಮನೆಗಳಿವೆ.